ಚಿಮಣಿಗೆ ಮರಿ ಬೇಡ

ಹುಮನಾಬಾದಿನಲ್ಲಿ ಬ್ಲೌಸ್ ಹೊಲಿಯುವ ರುಕ್ಮಿಣಿಬಾಯಿ, ವರ್ಗವಾಗಿ ಹೋದ ನೆರೆಮನೆಯವರು ಬಿಟ್ಟುಹೋದ ಚಿಮಣಿ ಎಂಬ ಪಗ್ ನಾಯಿಯನ್ನು ಸಾಕಿಕೊಂಡಿದ್ದಳು. ಟಿವಿ ಜಾಹೀರಾತಿನಿಂದ ಊರೂರಿಗೆ ಹೆಸರಾದ ಜಾತಿ ಅದು. ಚಪ್ಪಟೆ ಮೂಗಿನ ಚಿಮಣಿ ಬಿಸಿಲಲ್ಲಿ ಹತ್ತು ಹೆಜ್ಜೆ ಇಟ್ಟರೆ ಏದುಸಿರು ಬಿಡುತ್ತಿತ್ತು. ಆಕೆ ಒದ್ದೆ ಬಟ್ಟೆ ಹೊದಿಸಿ ಪಕ್ಕದಲ್ಲೇ ಕೂರುತ್ತಿದ್ದಳು.

ಒಂದು ದಿನ ನಾಯಿಮರಿ ಮಾರುವ ಶಂಕರಲಿಂಗ ಗಂಡು ಪಗ್ ಹಿಡಿದುಕೊಂಡು ಬಂದ.

“ಮರಿ ಹಾಕಸ್ರಿ ಅಕ್ಕಾರ, ಭಾಳ ಮಂದಿ ಕೇಳಾಕತ್ತಾರ.”

“ಇದಕ್ಕ ಉಸಿರಾಡೋದೇ ಕಷ್ಟ ಆಗೇತಿ. ಇಂಥವು ಇನ್ನೂ ನಾಕು ಯಾಕ ಹುಟ್ಟಸ್ಲಿ?”

“ಬರೋ ರೊಕ್ಕ ಬಿಟ್ರ ಓಣ್ಯಾಗ ನಿಮಗ ಹುಚ್ಚಿ ಅಂತಾರ್ರಿ.”

“ಅನ್ಲಿ.”

ಮರುವಾರವೇ ಆಕೆ ಚಿಮಣಿಯನ್ನು ಎತ್ತಿಕೊಂಡು ಬಸವಕಲ್ಯಾಣದ ಪಶುವೈದ್ಯರಲ್ಲಿಗೆ ಹೋಗಿ, ಮರಿಯಾಗದಂತೆ ಆಪರೇಷನ್ ಮಾಡಿಸಿದಳು. ಈಗಲೂ ಮರಿ ಕೇಳಿ ಬಂದವರಿಗೆ ಹೊಲಿಗೆ ನಿಲ್ಲಿಸದೆಯೇ ಹೇಳುತ್ತಾಳೆ: “ಬ್ಲೌಸ್ ಹೊಲಸೋದಿದ್ರ ಕುಂಡ್ರಿ, ಇಲ್ಲಾಂದ್ರ ನಡೀರಿ.”