ಕೆರೆಗೆ ಬೇಲಿ ಬಿದ್ದ ಮೇಲೆ

ಕೆರೆಯಂಚಿನಲ್ಲಿ ಜೇಕು ಯಾರೂ ಬಿತ್ತದೆ ಬೆಳೆಯುತ್ತಿತ್ತು. ಕೊಯ್ದಷ್ಟೂ ಬುಡದ ಗೆಡ್ಡೆಯಿಂದ ಮತ್ತೆ ಚಿಗುರುವ ಹುಲ್ಲು. ಕಡ್ಡಿಗೆ ಮೂರು ಮೂಲೆ, ಎಲೆಯಂಚು ಬೆರಳು ಸೀಳುವಷ್ಟು ಹರಿತ. ಎಲ್ಲರೂ ಚಾಪೆಯಕ್ಕ ಎಂದು ಕರೆಯುತ್ತಿದ್ದ ಹೆಂಗಸು ಸೊಂಟಮಟ್ಟದ ನೀರಿಗಿಳಿದು ಅದನ್ನು ಕೊಯ್ದು, ಸೀಳಿ, ಬೀದಿಯಲ್ಲಿ ಒಣಹಾಕಿ, ಚಾಪೆ ಹೆಣೆದು ಮಾರಿ ಬದುಕಿದವಳು. ತಾಯಿ ಸತ್ತ ಮೇಲೆ ಕಂಕುಳಲ್ಲಿದ್ದ ತಮ್ಮನನ್ನು ಸಾಕಿದ್ದೂ ಅದರಿಂದಲೇ. ತಮ್ಮನೋ, ಮೈ ಬಗ್ಗಿಸಿ ದುಡಿಯದ ಆಸಾಮಿ.

ಕೆರೆಯನ್ನು ಹಕ್ಕಿಗಳಿಗೆಂದು ಮೀಸಲಿಟ್ಟು ಸುತ್ತ ತಂತಿಬೇಲಿ ಹಾಕಿದಾಗ ಕಾವಲಿಗೆ ಆಳು ಬೇಕಾಯಿತು. ಅವಳೇ ಕಂಡಕಂಡವರ ಕೈಕಾಲು ಹಿಡಿದು ತಮ್ಮನಿಗೆ ಆ ಕೆಲಸ ಕೊಡಿಸಿದಳು. ನಮ್ಮವನೇ ಬಾಗಿಲಲ್ಲಿದ್ದರೆ ನನಗೇನು ಅಡ್ಡಿ ಎಂದುಕೊಂಡಿದ್ದಳು.

ಕುಡುಗೋಲು ಹಿಡಿದು ಹೋದವಳನ್ನು ಅವನು ಗೇಟಿನಲ್ಲೇ ತಡೆದ.

"ಅಕ್ಕ, ಒಳಗೆ ಬಿಡೋ ಹಾಗಿಲ್ಲ."

"ಯಾರಿಗೆ ಹೇಳ್ತಿದೀಯ? ನಂಗಾ?"

"ಎಲ್ರಿಗೂ ಒಂದೇ ರೂಲ್ಸು. ಸಾಹೇಬ್ರು ನೋಡಿದ್ರೆ ನನ್ನ ಕೆಲಸ ಹೋಗುತ್ತೆ."

"ಆ ಕೆಲಸ ನಿಂಗೆ ಎಲ್ಲಿಂದ ಬಂತೋ?"

ಅವನು ಕುಡುಗೋಲು ಕಿತ್ತುಕೊಂಡು ಕಾವಲುಕೋಣೆಯೊಳಗಿಟ್ಟ. ಅಲ್ಲಿದ್ದ ಇನ್ನೊಬ್ಬ ಕಾವಲುಗಾರ ನಕ್ಕ. ತಮ್ಮನೂ ಜೊತೆಗೆ ನಕ್ಕದ್ದನ್ನು ಮಾತ್ರ ಅವಳಿಗೆ ನುಂಗಿಕೊಳ್ಳಲಾಗಲಿಲ್ಲ.

ಬಣ್ಣದ ಕಾರ್ಖಾನೆಯ ಹಿಂದಿನ ಚರಂಡಿಯಲ್ಲೂ ಜೇಕು ಬೆಳೆದಿತ್ತು. ಅದಕ್ಕೆ ಕೆಸರಿದ್ದರೆ ಸಾಕು, ಯಾವ ನೀರಾದರೇನು. ಹೊಟ್ಟೆಪಾಡು ಕೇಳಬೇಕಲ್ಲ, ಅಲ್ಲಿಗಿಳಿದಳು. ಆ ಕಡ್ಡಿ ಮಡಿಸಿದರೆ ಮುರಿಯುತ್ತಿತ್ತು. ಚಾಪೆಯೆಲ್ಲ ಕಮಟು ವಾಸನೆ. ಕೊಂಡವರು ವಾಪಸು ತಂದು ಅಂಗಳದಲ್ಲಿ ಎಸೆದು ಹೋದರು. ಅವಳ ಮೊಣಕಾಲಿನ ಕೆಳಗೆ ಎದ್ದ ಹುಣ್ಣು ಮಾಯಲೇ ಇಲ್ಲ.

ಒಂದು ಮಧ್ಯಾಹ್ನ ತಮ್ಮ ಅವಳ ಮನೆಗೆ ಬಂದ. ಅವಳ ಕಾಲು ನೋಡಿಯೂ ನೋಡದವನಂತೆ ಕೂತ.

"ಅಕ್ಕ, ಕೆರೆ ನೋಡೋಕೆ ಬರೋರಿಗೆ ಅಂತ ಹೊಸ ಹಾಲ್ ಕಟ್ಟಿದಾರೆ. ಗೋಡೆಗೆ ತೂಗುಹಾಕೋಕೆ ಜೇಕಿನ ಚಾಪೆ ಬೇಕಂತೆ. ನಮ್ಮಕ್ಕ ಹೆಣೀತಾಳೆ ಅಂದುಬಿಟ್ಟೆ."

"ಹುಲ್ಲು?"

"ಚರಂಡೀದೇ ಆಗುತ್ತೆ ಬಿಡು. ಗೋಡೆಗೆ ತಾನೆ, ಅದರ ಮೇಲೆ ಯಾರು ಮಲಗ್ತಾರೆ?"

ಅವಳು ಸೀರೆಯಂಚನ್ನು ಹುಣ್ಣಿನ ಮೇಲೆ ಎಳೆದುಕೊಂಡು, "ಹೋಗಪ್ಪ," ಎಂದಳು. "ನಿನ್ನ ಸಾಕಿದ್ದೇ ಸಾಕು."

ಗೋಡೆಗೆ ಅಂಗಡಿಯ ಪ್ಲಾಸ್ಟಿಕ್ ಚಾಪೆ ಬಂತು. ಅವಳು ಒಂದು ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು. ಕೆರೆಯ ಪಕ್ಕದ ದಾರಿ ಹತ್ತಿರವಾದರೂ ಕುಂಟುತ್ತ ಸುತ್ತು ಹಾಕಿಕೊಂಡೇ ಹೋಗುತ್ತಾಳೆ. ಹಾಸ್ಟೆಲಿನ ಅಡುಗೆಯವಳು ಎಂದಾದರೂ ತಮ್ಮನ ಸುದ್ದಿ ಎತ್ತಿದರೆ, "ಕೆಲಸ ನಿಯತ್ತಾಗಿ ಮಾಡ್ತಾನೆ" ಎಂದು ಹೇಳಿ, ಮುಂದಿನ ಪಾತ್ರೆ ಎಳೆದುಕೊಳ್ಳುತ್ತಾಳೆ.