ಗುಮಾಸ್ತರ ಹಾರ್ಡ್‌ಬೋರ್ಡ್ ಗೋಡೆ

ಅರವತ್ತರ ದಶಕದಲ್ಲಿ ಜಯನಗರದ ನಮ್ಮ ಪಕ್ಕದ ಮನೆಯಲ್ಲಿದ್ದ ಗುಮಾಸ್ತರದು ದೊಡ್ಡ ಗಂಟಲು. ಮದುವೆಯಿಂದ ಓದು ನಿಲ್ಲಿಸಿದ್ದ ಅವರ ಹೆಂಡತಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುತ್ತೇನೆಂದಾಗ, ನಡುಮನೆಯ ಮೂಲೆಯಲ್ಲಿ ಓದುವ ಕೋಣೆ ಮಾಡಿಕೊಡಲು ಹಾರ್ಡ್‌ಬೋರ್ಡ್ ತಂದರು. ಸುತ್ತಿಗೆ ಹಿಡಿದು ಗೊತ್ತಿರಲಿಲ್ಲ, ಆದರೂ ಬಡಗಿಯನ್ನು ಕರೆಯಲಿಲ್ಲ.

"ಸ್ವಲ್ಪ ಹಿಡ್ಕೊಳ್ಳಿ ಸಾರ್, ಆಗೋಯ್ತು" ಎನ್ನುತ್ತಲೇ ಮೂರು ಭಾನುವಾರ ನನ್ನಿಂದ ಬೋರ್ಡು ಹಿಡಿಸಿದರು. ಎರಡು ಸಲ ಅದು ಅವರ ತಲೆಯ ಮೇಲೇ ಬಿತ್ತು. ತಲೆ ಸವರಿಕೊಂಡು ಮತ್ತೆ "ಆಗೋಯ್ತು" ಎಂದರು.

ಕೊನೆಗೂ ಗೋಡೆ ನಿಂತಿತು. ಹೆಂಡತಿ ಒಳಗೆ ಕೂತು ನೋಡಿ ನಕ್ಕರು: "ರೀ, ನೀವು ಉಸಿರಾಡೋದೂ ಕೇಳಿಸ್ತಿದೆ!"

ಗುಮಾಸ್ತರ ಮುಖ ಸಪ್ಪಗಾಯಿತು. ಆದರೆ ಅಂದಿನಿಂದ ಪರೀಕ್ಷೆ ಮುಗಿಯುವವರೆಗೂ ಮನೆಯೊಳಗೆ ಪಿಸುಮಾತಿನಲ್ಲೇ ಕಳೆದರು. ಆಕೆ ಪಾಸಾದ ಸುದ್ದಿಯನ್ನು ಮಾತ್ರ ಗೇಟಿನಲ್ಲಿ ನಿಂತು ಕೂಗಿದರು. ತಿಲಕ್ ನಗರದವರೆಗೂ ಕೇಳಿಸಿರಬೇಕು.