ಬೀಭತ್ಸದ ಮೇಡಮ್

ಬಸವನ ಬಾಗೇವಾಡಿಯಲ್ಲಿ ಬಸ್ಸು ಹತ್ತಿ ನನ್ನ ಪಕ್ಕ ಕುಳಿತ ಹೆಂಗಸಿನ ಬಾಯಲ್ಲಿ ಲವಂಗ ಇತ್ತು. ಕಿಟಕಿಯ ಗಾಳಿಗೆ ಅದರ ವಾಸನೆ ಮುಖಕ್ಕೆ ಬಡಿದದ್ದೇ ನಾನು ಆಚೆ ತಿರುಗಿದೆ. ಲವಂಗಕ್ಕೆ ಯಾರೂ ಹೇಸುವುದಿಲ್ಲ, ನಾನು ಹೇಸುತ್ತೇನೆ. ಮುದ್ದೇಬಿಹಾಳ ಬರುವವರೆಗೂ ಓಢಣಿಯ ತುದಿಯನ್ನು ಮೂಗಿಗೆ ಹಿಡಿದು ಕುಳಿತೆ. ಎಂ.ಎ.ಯಲ್ಲಿ ನನಗೆ ಹಳಗನ್ನಡ ಕಲಿಸಿದ, ನನ್ನ ಸಂಪ್ರಬಂಧಕ್ಕೆ ಗೈಡ್ ಆಗಿದ್ದ ಮೇಡಮ್ಮರ ಬಾಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು...

ಸಿಂದಗಿಯ ಬಜಾರದಲ್ಲಿ ನಮ್ಮ ಅಬ್ಬಾನದು ಖಂಡದ ಅಂಗಡಿ. ಕುರಿ ಕೊಯ್ಯುವುದು, ತೂಗಿ ಕೊಡುವುದು ನಮ್ಮ ಮನೆಯಲ್ಲಿ ತಲೆತಲಾಂತರದ ಕಸುಬು. ಅಂಥ ಮನೆಯಿಂದ ಹೋಗಿ ನಾನು ಹಳಗನ್ನಡವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಆ ಮೇಡಮ್. ಮೊದಲ ದಿನ ಅವರು ಒಂದು ಪದ್ಯ ಓದಿದರು. ಅರ್ಥ ಹೇಳುವ ಮೊದಲೇ ಅರ್ಥವಾಗಿಬಿಟ್ಟಿತು. ಎಲ್ಲಿ ನಿಲ್ಲಬೇಕು, ಯಾವ ಅಕ್ಷರವನ್ನು ಎಳೆಯಬೇಕು, ಎಲ್ಲಿ ದನಿ ತಗ್ಗಿಸಿದರೆ ಕವಿಯ ತುಂಟತನ ಹೊರಬೀಳುತ್ತದೆ, ಎಲ್ಲ ಅವರ ನಾಲಿಗೆಗೆ ಗೊತ್ತಿತ್ತು. ನಾನು ಮುಂದಿನ ಬೆಂಚಿಗೆ ಬಂದು ಕುಳಿತೆ. ವರ್ಷವಿಡೀ ಅಲ್ಲಿಂದ ಏಳಲಿಲ್ಲ.

ಸಂಪ್ರಬಂಧದ ವಿಷಯ ಗೊತ್ತುಮಾಡುವ ದಿನ ನಾನು ಕಾವ್ಯಗಳಲ್ಲಿ ಬರುವ ವಸಂತದ ವರ್ಣನೆಯ ಮೇಲೆ ಬರೆಯುತ್ತೇನೆ ಎಂದೆ. ಮೇಡಮ್ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು.

"ವಸಂತ ಬ್ಯಾರೆ ಯಾರರೇ ಬರೀತಾರ. ನೀ ಬೀಭತ್ಸ ತಗೋ. ರಣರಂಗದಾಗ ಹೆಣ, ನೆತ್ತರ, ಕರುಳ... ನಿನಗ ಸರಳ ಆಗ್ತೈತಿ. ದಿನಾ ಮನ್ಯಾಗ ನೋಡ್ತೀಯಲ್ಲ."

ಕ್ಲಾಸು ನಕ್ಕಿತು. ಅವರು ನಗಲಿಲ್ಲ, ತಮಾಷೆ ಮಾಡಿದಂತೆಯೂ ಇರಲಿಲ್ಲ. ನನಗೆ ಉಪಕಾರ ಮಾಡಿದ ಮುಖದಲ್ಲಿ ಮುಂದಿನ ಹೆಸರು ಕರೆದರು. ನಾನು "ಹೌದ್ರಿ ಮೇಡಮ್" ಎಂದು ಕುಳಿತೆ.

ಸಂಜೆ ಅಂಗಡಿಗೆ ಹೋಗಿ ಅಬ್ಬಾನಿಗೆ ಹೇಳಿದೆ. ಆಗ ಅವನು ಖಂಡ ಕಡಿಯುವ ಮರದ ಕೊರಡನ್ನು ಉಪ್ಪು ಹಾಕಿ ತಿಕ್ಕುತ್ತಿದ್ದ. ಬೀಭತ್ಸ ಅಂದರೆ ಏನು ಎಂದು ಕೇಳಿದ. ಹೇಸಿಗೆ ಎಂದೆ. ಕೊರಡಿನ ಮೇಲೆ ಇನ್ನೊಂದು ಹಿಡಿ ಉಪ್ಪು ಚೆಲ್ಲಿದ.

"ನಮ್ಮ ಅಂಗಡ್ಯಾಗ ಏನ್ ಹೊಲಸ ಐತಿ? ದಿನಾ ಎರಡ ಸಲ ತೊಳೀತೇನಿ," ಎಂದ. ಆಮೇಲೆ, "ಇರ್ಲಿ, ಗುರುಗಳು ಹೇಳ್ಯಾರ. ಬರಿ," ಎಂದ.

ಬರೆದೆ. ಒಂದು ಚಳಿಗಾಲವಿಡೀ ಯುದ್ಧ ಮುಗಿದ ಬಯಲುಗಳಲ್ಲಿ ತಿರುಗಾಡಿದೆ. ಕರುಳಿನ ಮಾಲೆ ಹಾಕಿಕೊಂಡು ಕುಣಿಯುವ ಮರುಳುಗಳೆಂಬ ಭೂತಗಳು, ತಲೆಬುರುಡೆಯಲ್ಲಿ ನೆತ್ತರು ಕುಡಿದು ಒಂದನ್ನೊಂದು ಊಟಕ್ಕೆ ಕರೆಯುವ ಪಿಶಾಚಿಗಳು. ಹೇಸಬೇಕಾದಲ್ಲಿ ನಗು ಬರುತ್ತಿತ್ತು. ಆ ನಗುವನ್ನು ತೋರಿಸಿಕೊಟ್ಟವರೂ ಮೇಡಮ್ಮೇ. ಅವರ ಕೋಣೆಯಲ್ಲಿ ಮೇಜಿನ ಆಚೆ ಅವರು, ಈಚೆ ನಾನು. ಸಂಧಿ ಬಿಡಿಸುವಾಗ ಅವರಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಆದರೆ ನಾನು ಮುಟ್ಟಿದ ಹಾಳೆಗಳನ್ನು ಓದಿ ಮುಗಿಸಿದ ಮೇಲೆ ಎದ್ದುಹೋಗಿ ಕೈ ತೊಳೆದು ಬರುತ್ತಿದ್ದರು. ಬೇರೆಯವರ ಹಾಳೆಗೂ ಹೀಗೆಯೇ ತೊಳೆಯುತ್ತಾರೆ ಎಂದು ನಾನು ಬಹಳ ದಿನ ನಂಬಿದ್ದೆ. ತೊಳೆಯುತ್ತಿರಲಿಲ್ಲ.

ಕೊನೆಯ ಅಧ್ಯಾಯದಲ್ಲಿ ನಾನು ಕೊಯ್ಯುವವನ ಕಣ್ಣಿನಿಂದ ಆ ಬಯಲನ್ನು ನೋಡಿ ಬರೆದಿದ್ದೆ. ಕಸುಬುದಾರನಿಗೆ ಕರುಳು ಕರುಳಷ್ಟೇ, ಹೇಸಿಗೆ ದೂರ ನಿಂತು ನೋಡುವವನದು ಎಂದು. ಮೇಡಮ್ ಅದನ್ನು ಪೂರ್ತಿ ಹೊಡೆದುಹಾಕಿದರು. "ಇದು ಕಾವ್ಯಮೀಮಾಂಸೆ ಅಲ್ಲ, ನಿಮ್ಮಪ್ಪನ ಮಾತು," ಎಂದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಪ್ರಬಂಧವನ್ನು ಮೆಚ್ಚಿದರು. ಮೇಡಮ್ ನಗುತ್ತ, "ವಿಷಯ ಇಕಿ ಮನ್ಯಾಗ ದಿನಾ ಕೊಂಡಿಗೆ ನೇತಾಡತೈತ್ರಿ ಸರ್," ಎಂದರು. ಪರೀಕ್ಷಕರೂ ನಕ್ಕರು.

"ನಮ್ಮ ಅಂಗಡಿ ನಮ್ಮ ಅಬ್ಬಾ ದಿನಾ ತೊಳೀತಾನ್ರಿ ಮೇಡಮ್. ಅಲ್ಲಿ ಬೀಭತ್ಸ ಇಲ್ರಿ," ಎಂದೆ.

ಪರೀಕ್ಷಕರು ಪುಟ ತಿರುವಿ ಬೇರೆ ಪ್ರಶ್ನೆ ಕೇಳಿದರು. ಒಳ್ಳೆಯ ಅಂಕಗಳೇ ಬಂದವು, ಅದರಲ್ಲಿ ಮೇಡಮ್ ಏನೂ ಕಡಿಮೆ ಮಾಡಲಿಲ್ಲ.

ಅಮ್ಮಾ ಬೆಳಿಗ್ಗೆ ಎದ್ದು ಶೇಂಗಾದ ಹೋಳಿಗೆ ಮಾಡಿ ಡಬ್ಬಿ ತುಂಬಿ ಕಳಿಸಿದ್ದಳು. ಗುರುಗಳಿಗೆ ಬಾಯಿ ಸಿಹಿ ಮಾಡದೆ ಬರಬೇಡ ಎಂದಿದ್ದಳು. ಪರೀಕ್ಷೆ ಮುಗಿದ ಮೇಲೆ ಡಬ್ಬಿ ಕೊಟ್ಟೆ. ಮೇಡಮ್ ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಕಟ್ಟೆಯ ಮೇಲಿಟ್ಟು, "ಯಾಕ ತ್ರಾಸ ತಗೊಂಡ್ರು," ಎಂದರು. ಡಬ್ಬಿ ವಾಪಸು ಒಯ್ಯಲು ಸಂಜೆ ಹೋದಾಗ ಕೋಣೆಯಲ್ಲಿ ಅವರಿರಲಿಲ್ಲ. ಡಬ್ಬಿ ಖಾಲಿ ಇತ್ತು. ಹೋಳಿಗೆಗಳು ಕಸದ ಬುಟ್ಟಿಯಲ್ಲಿದ್ದವು. ತುಪ್ಪ ಸವರಿದ ಮೈಗೆ ಪೆನ್ಸಿಲ್ಲಿನ ಹೊಟ್ಟು, ಚಹಾದ ಚರಟ ಅಂಟಿಕೊಂಡಿತ್ತು. ಬದಿಯಲ್ಲೇ ಅಗಿದು ಉಗುಳಿದ ಲವಂಗ. ಒಂದು ಚಳಿಗಾಲವಿಡೀ ಹೆಣಗಳ ನಡುವೆ ಓಡಾಡಿದರೂ ಆಗದ್ದು ಆಗ ಆಯಿತು. ಹೊರಗೆ ಓಡಿ ಬೇವಿನ ಗಿಡದ ಬುಡದಲ್ಲಿ ವಾಂತಿ ಮಾಡಿದೆ.

"ತಿಂದ್ರೇನವಾ?" ಎಂದು ಅಮ್ಮಾ ಬಾಗಿಲಲ್ಲೇ ಕೇಳಿದಳು.

"ತಿಂದ್ರು. ಭಾಳ ಛಲೋ ಆಗ್ಯಾವಂತ ಅಂದ್ರು."

ಅಮ್ಮಾ ಅದನ್ನು ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು.

ಕೆಲವು ವರ್ಷಗಳ ಮೇಲೆ ಇಂಡಿಯಲ್ಲಿ ನಡೆದ ಒಂದು ವಿಚಾರಸಂಕಿರಣದಲ್ಲಿ ಮೇಡಮ್ ಭಾಷಣ ಮಾಡಿದರು. ಕಾವ್ಯಕ್ಕೆ ಜಾತಿಯಿಲ್ಲ, ಮಡಿಯಿಲ್ಲ ಎಂದರು. ಚಪ್ಪಾಳೆ ಬಿತ್ತು. ಸಭೆಯಲ್ಲಿದ್ದ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ನೋಡ್ರಿ, ಖಟಕರ ಮನಿ ಹುಡುಗಿ. ಹಳಗನ್ನಡ ಕಲಿಸಾಕತ್ತಾಳ. ನನ್ನ ಕೈಯಾಗ ತಯಾರಾದಾಕಿ," ಎಂದರು. ಮತ್ತೆ ಚಪ್ಪಾಳೆ. ನನಗೆ ನನ್ನ ಮೈಯೇ ಅವರ ಮೇಜಿನ ಮೇಲಿಟ್ಟ ವಸ್ತುವಿನಂತೆ ಅನ್ನಿಸಿತು. ಆಮೇಲೆ ಅವರು ಪದ್ಯವೊಂದನ್ನು ಓದಿದರು. ಕಿವಿ ಮುಚ್ಚಿಕೊಳ್ಳಬೇಕು ಎಂದುಕೊಂಡೆ. ಆಗಲಿಲ್ಲ. ಅಷ್ಟು ಚೆಂದ ಓದಿದರು. ಅದಕ್ಕಾಗಿ ನನ್ನ ಮೇಲೆಯೇ ನನಗೆ ಹೇಸಿಗೆ ಬಂತು... ಊಟಕ್ಕೆ ನಿಲ್ಲದೆ ಬಸ್ಸು ಹಿಡಿದೆ.

ಹೋದ ಆಷಾಢದಲ್ಲಿ ಅವರು ತೀರಿಕೊಂಡ ಸುದ್ದಿ ವಾಟ್ಸಾಪಿಗೆ ಬಂತು. ಶ್ರದ್ಧಾಂಜಲಿ ಸಭೆಗೆ ಬಂದು ಎರಡು ಮಾತಾಡಬೇಕು ಎಂದು ಹಳೆಯ ಸಹಪಾಠಿ ಫೋನು ಮಾಡಿದಳು. ನನಗೆ ಆಗುವುದಿಲ್ಲ ಎಂದೆ.

ಲವಂಗದ ವಾಸನೆಯ ಆ ದಿನ ಮುದ್ದೇಬಿಹಾಳದಲ್ಲಿ ಬಸ್ಸಿಳಿದು ನೇರ ನಾನು ಕಲಿಸುವ ಕಾಲೇಜಿಗೆ ಹೋದೆ. ಪದವಿ ತರಗತಿಗೆ ಪಾಠ ಇತ್ತು. ಪದ್ಯದ ಮೂರನೆಯ ಸಾಲಿನಲ್ಲಿ ಒಂದು ಪದ ಎರಡು ಬಗೆಯಲ್ಲಿ ಒಡೆಯುತ್ತಿತ್ತು. ಎರಡೂ ಸರಿ ಎನಿಸಿತು, ಎರಡೂ ತಪ್ಪು ಎನಿಸಿತು. ಒಮ್ಮೆ ಗಟ್ಟಿಯಾಗಿ ಓದಿಬಿಟ್ಟರೆ ಯಾವುದು ಸರಿ ಎಂದು ತಿಳಿಯುವಂತೆ ಓದಬಲ್ಲ ಒಬ್ಬರೇ ಒಬ್ಬರನ್ನು ನಾನು ಕಂಡಿದ್ದೆ. ಹುಡುಗರು ಪೆನ್ನು ಹಿಡಿದು ಕಾಯುತ್ತಿದ್ದರು.

"ನಾಳೆ ನೋಡೂಣು," ಎಂದು ಪುಸ್ತಕ ಮುಚ್ಚಿದೆ. ನಾಳೆಯೂ ನನಗೆ ಅದು ಗೊತ್ತಾಗುವುದಿಲ್ಲ. ಕೇಳಲು ಇನ್ನು ಯಾರೂ ಇಲ್ಲ.